ಹೆಸರು ಕಿತ್ತ ಹೊಲದಲ್ಲಿ ಬಿಳಿಜೋಳ

ಧಾರವಾಡ
ರವಿವಾರ ಬೆಳಿಗ್ಗೆ

ಮಗಳೇ,

ನಿನ್ನ ದೊಡ್ಡವ್ವನ ಮೊಣಕಾಲು ಮಳೆಯ ಸುದ್ದಿಯನ್ನು ರೇಡಿಯೊಕ್ಕಿಂತ ಮೊದಲೇ ಹೇಳುತ್ತಿದೆ.

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಾಗ ನಾನು ಸರಿಯಾಗಿ ಏನೂ ಹೇಳಲಿಲ್ಲ. ಮೂವತ್ತೊಂದು ವರ್ಷ ಕರಿಹಲಗೆಯ ಮುಂದೆ ನಿಂತವನು ನಾನು. ಕೈಯಲ್ಲಿ ಸೀಮೆಸುಣ್ಣವೋ ಪೆನ್ನೋ ಇಲ್ಲದಿದ್ದರೆ ನಾಲಿಗೆ ಏಳುವುದಿಲ್ಲ. ನೀನು ಕೇಳಿದ್ದು ಒಂದೇ ಮಾತು: "ದೊಡ್ಡಪ್ಪಾ, ಎರಡರಾಗ ಯಾವುದು ಬಿಡ್ಲಿ?" ಭಾರ ಎತ್ತುವ ಬಾರ್ ಬಿಡುವುದೋ, ಬಿ.ಎಸ್ಸಿ. ಬಿಡುವುದೋ. ಆಂತರಿಕ ಪರೀಕ್ಷೆ ಮತ್ತು ಅಂತರ ವಿಶ್ವವಿದ್ಯಾಲಯ ತಂಡದ ಆಯ್ಕೆ ಒಂದೇ ವಾರಕ್ಕೆ ಬಂದು ಕೂತಿವೆ. ರಸಾಯನಶಾಸ್ತ್ರದ ಒಂದು ಪೇಪರ್ ಹೋದ ಸೆಮಿಸ್ಟರಿನದು ಹಾಗೇ ಉಳಿದಿದೆ. ಹಾಜರಿ ಶೇ. 75ರ ಗೆರೆಯ ಕೆಳಗೆ ಜಾರುತ್ತಿದೆ. ಕೋಚ್ ಸಿಟ್ಟಾಗಿದ್ದಾರೆ. ನಿಮ್ಮಪ್ಪ "ಆಟ ಹೊಟ್ಟಿ ತುಂಬಸ್ತದೇನು" ಅಂದಿದ್ದಾನೆ. ಅವನ ಮಾತನ್ನು ನನಗೆ ಬಿಡು. ಚಿಕ್ಕವನಿದ್ದಾಗ ನನ್ನ ಬಾರಿನ ಎರಡು ತುದಿಗೂ ಗಾಲಿ ಸಿಕ್ಕಿಸಿ ಚಕ್ಕಡಿ ಆಟ ಆಡುತ್ತಿದ್ದವನು ಅವನೇ. ಅವನಿಗೆ ನಾನು ಬೇರೆ ಕಾಗದ ಬರೆಯುತ್ತೇನೆ.

ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ, ಹರಟೆ ಆಮೇಲೆ. ಎರಡರಲ್ಲಿ ಯಾವುದನ್ನೂ ಬಿಡುವುದು ಬೇಡ. ಆದರೆ ಈಗ ಮಾಡುತ್ತಿರುವ ಹಾಗೆ ಎರಡನ್ನೂ ದಿನಾ ಸಮಸಮ ಹಿಡಿದು ನಿಲ್ಲುವ ಹಟವನ್ನು ಬಿಡು. ಬೆಳಿಗ್ಗೆ ಐದಕ್ಕೆ ಎದ್ದು ಎರಡು ತಾಸು ಬಾರ್, ಒಂಬತ್ತರಿಂದ ನಾಲ್ಕರವರೆಗೆ ಕ್ಲಾಸು, ಸಂಜೆ ಮತ್ತೆ ಮೂರು ತಾಸು ಬಾರ್, ರಾತ್ರಿ ಒಂದರವರೆಗೆ ಪುಸ್ತಕ. ಅಂದರೆ ನಾಲ್ಕು ತಾಸು ನಿದ್ದೆ. ನಿನ್ನ ಗೆಳತಿಯರು ಇದನ್ನು 'ಬ್ಯಾಲೆನ್ಸ್' ಅನ್ನುತ್ತಾರೇನೋ. ನಮ್ಮ ಕಡೆ ಇದಕ್ಕೆ ಎತ್ತನ್ನು ಹಗಲು ಕೂರಿಗೆಗೆ, ರಾತ್ರಿ ಗಾಣಕ್ಕೆ ಕಟ್ಟುವುದು ಅನ್ನುತ್ತಾರೆ.

ನಮ್ಮೂರ ಎರಿ ಹೊಲ ನೆನಪಿದೆಯೇ? ಮೇ ಕೊನೆಗೆ ಒಂದೆರಡು ಅಡ್ಡಮಳೆ ಬಿದ್ದು ಹದವಾದರೆ ನಿಮ್ಮಜ್ಜ ಹೆಸರು ಬಿತ್ತುತ್ತಿದ್ದ. ಎರಡು ತಿಂಗಳು ದಾಟಿ ಹತ್ತು ದಿನಕ್ಕೆ ಕೈಗೆ ಬರುವ ಬೆಳೆ. ಶ್ರಾವಣದಲ್ಲಿ ಬುಡ್ಡಿ ಬಿಡಿಸಿ, ಹೊಲ ಹರಗಿ, ಮತ್ತೆ ಹದ ನೋಡಿ ಹಿಂಗಾರಿಗೆ ಬಿಳಿಜೋಳ. ಹೆಸರಿನ ಬೇರಿನ ಗಂಟುಗಳು ಸಾರಜನಕ ಹಿಡಿದು ಮಣ್ಣಿಗೆ ಬಿಟ್ಟುಹೋಗುತ್ತವೆ ಅನ್ನುವುದು ನಿನ್ನ ಶಾಸ್ತ್ರ. ನಿಮ್ಮಜ್ಜನಿಗೆ ಗೊತ್ತಿದ್ದದ್ದು ಹೆಸರು ಕಿತ್ತ ಹೊಲದಲ್ಲಿ ಜೋಳ ಜೋರು ಅನ್ನುವುದಷ್ಟೇ. ಹೆಸರಿನ ಕಾಲಕ್ಕೆ ಹೆಸರು, ಜೋಳದ ಕಾಲಕ್ಕೆ ಜೋಳ. ಹೊಲ ಮಾತ್ರ ಎರಡಕ್ಕೂ ಒಂದೇ.

ಅಕ್ಕಡಿ ಸಾಲು ಇಲ್ಲವೇನು ಎಂದು ನೀನು ಕೇಳುತ್ತೀ, ನಿನ್ನ ವಾದದ ದಾರಿ ನನಗೆ ಗೊತ್ತು. ಇದೆ. ಆದರೆ ಅಕ್ಕಡಿಯ ಲೆಕ್ಕ ಏನು? ಮುಖ್ಯ ಬೆಳೆಯ ಆರೆಂಟು ಸಾಲಿಗೆ ಒಂದು ಸಾಲು ತೊಗರಿಯೋ ಅಗಸಿಯೋ. ಅದು ಬದುಕಿದ್ದರೆ ಸಾಕು, ಮುಖ್ಯ ಬೆಳೆಯ ನೀರು ಕುಡಿಯಬಾರದು. ಪರೀಕ್ಷೆಯ ಕಾಲಕ್ಕೆ ಬಾರ್ ಅಕ್ಕಡಿ. ಕೂಟದ ಕಾಲಕ್ಕೆ ಪುಸ್ತಕ ಅಕ್ಕಡಿ. ನಾನು ಹೇಳಬೇಕಾದ್ದು ಇಷ್ಟೇ. ಉಳಿದದ್ದೆಲ್ಲ ಇದನ್ನು ನಾನು ಎಷ್ಟು ತಡವಾಗಿ, ಎಷ್ಟು ದುಬಾರಿಗೆ ಕಲಿತೆ ಎಂಬ ಪುರಾಣ.

1979. ನಾನು ಬಿ.ಎಸ್ಸಿ. ಕೊನೆಯ ವರ್ಷ, ಗಣಿತ. ತೂಕ 67.5 ಕೆ.ಜಿ. ವಿಭಾಗದ್ದು, ಆಗ ಅಂಥ ಅರ್ಧ ಕೆ.ಜಿ.ಯ ವಿಭಾಗಗಳಿದ್ದವು. ನಾವು ಕಲಿತದ್ದು ಗರಡಿಮನೆಯಲ್ಲಿ. ಒಂದು ಮೂಲೆಯಲ್ಲಿ ಕೆಮ್ಮಣ್ಣಿನ ಅಖಾಡ, ಇನ್ನೊಂದು ಮೂಲೆಯಲ್ಲಿ ತುಕ್ಕು ಹಿಡಿದ ಬಾರು, ಕಬ್ಬಿಣದ ಗಾಲಿ. ರಬ್ಬರ್ ಗಾಲಿ ಅನ್ನುವುದು ಚಿತ್ರದಲ್ಲಷ್ಟೇ ಇತ್ತು. ಬಾರ್ ಕೈಬಿಟ್ಟರೆ ನೆಲ ಒಡೆಯುತ್ತದೆ, ಆಮೇಲೆ ಉಸ್ತಾದ್ ನಮ್ಮನ್ನು ಒಡೆಯುತ್ತಾರೆ. ಹಾಗಾಗಿ ಎತ್ತಿದ್ದನ್ನು ಮೆತ್ತಗೆ ಇಳಿಸುವುದನ್ನೂ ಕಲಿತೆವು. ನಿಮಗೆ ಆ ಕಷ್ಟ ಇಲ್ಲ. ಉಸ್ತಾದರ ಕಾಲದಲ್ಲಿ ಮೂರು ಎತ್ತುಗಳಿದ್ದವು: ಪ್ರೆಸ್, ಸ್ನ್ಯಾಚ್, ಕ್ಲೀನ್ ಆ್ಯಂಡ್ ಜರ್ಕ್. 1972ರ ಮ್ಯೂನಿಕ್ ಒಲಿಂಪಿಕ್ಸ್ ಆದ ಮೇಲೆ ಪ್ರೆಸ್ ತೆಗೆದರು. ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ಎತ್ತುವವರನ್ನು ತೀರ್ಪುಗಾರರು ಹಿಡಿಯಲಾರದೆ ಹೋದರು. ಉಸ್ತಾದರಿಗೆ ಅದರ ದುಃಖ ಕೊನೆಯವರೆಗೂ ಇತ್ತು, ಮನೆಯಲ್ಲಿ ಯಾರೋ ಹಿರಿಯರು ಹೋದ ಹಾಗೆ.

ಆ ವರ್ಷ ಫೆಬ್ರವರಿ ಕೊನೆಗೆ ಉತ್ತರದ ಒಂದು ಊರಲ್ಲಿ ಅಂತರ ವಿಶ್ವವಿದ್ಯಾಲಯ ಕೂಟ. ಬಂದು ಮೂರು ವಾರಕ್ಕೆ ವಾರ್ಷಿಕ ಪರೀಕ್ಷೆ. ಎರಡನ್ನೂ ಸಾಧಿಸುತ್ತೇನೆ ಅಂತ ಚೀಲದಲ್ಲಿ ಬೆಲ್ಟಿನ ಪಕ್ಕ ಸಮಾಕಲನದ ದಪ್ಪ ಪುಸ್ತಕ ಇಟ್ಟುಕೊಂಡೆ. ಎರಡು ರಾತ್ರಿ, ಎರಡು ಹಗಲು ರೈಲು, ರಿಸರ್ವೇಶನ್ ಇಲ್ಲದ ಡಬ್ಬಿ. ಬಾಗಿಲ ಬಳಿ ಟ್ರಂಕಿನ ಮೇಲೆ ಕೂತು, ತಲೆಯ ಮೇಲಿನ ಮಂದ ದೀಪದಲ್ಲಿ ಲೆಕ್ಕ ಮಾಡಿದೆ. ಓದಿದ್ದು ತಲೆಗೆ ಹೋಗಲಿಲ್ಲ, ನಿದ್ದೆ ಕಣ್ಣಿಗೆ ಬರಲಿಲ್ಲ. ತೂಕ ಮೀರಬಾರದೆಂದು ಎರಡು ದಿನ ಕಡಲೆಪುಟಾಣಿ ತಿಂದೆ.

ಸ್ಪರ್ಧೆಯ ದಿನ ಉಸ್ತಾದ್ ಹೇಳಿಕಳಿಸಿದ ಆರಂಭದ ತೂಕ 82.5. ನಾನು ಚೀಟಿಯಲ್ಲಿ ಬರೆದದ್ದು 87.5. ಗರಡಿಯಲ್ಲಿ ಒಂದೇ ಒಂದು ಸಲ, ದಸರೆಯ ಹುಮ್ಮಸ್ಸಿನಲ್ಲಿ ಎತ್ತಿದ ತೂಕ ಅದು. ಪಂಜಾಬಿನ ಹುಡುಗರ ತೊಡೆ ನೋಡಿ ನನ್ನ ಮಾನ ಎದ್ದು ಕೂತಿತ್ತು. ಮೊದಲ ಸಲ ಬಾರ್ ಮುಂದೆ ಬಿತ್ತು. ಎರಡನೆಯ ಸಲ ಹಿಂದೆ. ಮೂರನೆಯ ಸಲ ನೆತ್ತಿಯ ಮೇಲೆ ಹೋಗಿ, ಮೊಣಕೈ ಒಂದಿಷ್ಟು ಮಡಚಿ ನಿಂತಿತು. ಕೆಂಪು ದೀಪ. ಸ್ನ್ಯಾಚಿನಲ್ಲಿ ಮೂರೂ ಹೋದರೆ ಜರ್ಕಿನಲ್ಲಿ ಬೆಟ್ಟ ಎತ್ತಿದರೂ ಟೋಟಲ್ ಇಲ್ಲ, ನಿನಗೆ ಹೇಳಬೇಕಿಲ್ಲ. ಹೆಸರಿನ ಮುಂದೆ ಗೆರೆ ಎಳೆದರು.

ತಿರುಗಿ ಬರುವಾಗ ಮತ್ತೆ ಅದೇ ರೈಲು, ಅದೇ ಪುಸ್ತಕ. ಪರೀಕ್ಷೆಯಲ್ಲಿ ಏನು ಮಾಡಿದೆ ಗೊತ್ತೇನು? ಅದೇ ಚಾಳಿ. ಸುಲಭದ ಪ್ರಶ್ನೆಗಳನ್ನು ಬಿಟ್ಟು, ಎಲ್ಲರೂ ಹೆದರುವ ಏಳನೆಯ ಪ್ರಶ್ನೆಗೆ ಮೊದಲು ಕೈಹಾಕಿದೆ. ಒಂದೂಕಾಲು ತಾಸು ಅದೇ ನುಂಗಿತು. ಆ ಪೇಪರ್ ಹೋಯಿತು, ಅಕ್ಟೋಬರದಲ್ಲಿ ಮತ್ತೆ ಕೂತೆ. ಊರಲ್ಲಿ ಎಲ್ಲರೂ "ಆಟದಿಂದ ಓದು ಕೆಟ್ಟಿತು" ಅಂದರು. ಗರಡಿಯಲ್ಲಿ "ಓದಿನಿಂದ ಆಟ ಕೆಟ್ಟಿತು" ಅಂದರು. ಎರಡೂ ಸುಳ್ಳು. ಒಂದನ್ನು ಮಾಡುವಾಗ ಇನ್ನೊಂದರ ಚಿಂತೆ ಹೊತ್ತು ಕೂತದ್ದರಿಂದ ಎರಡೂ ಕೆಟ್ಟವು. ಇನ್ನೊಂದು ಕಾರಣ ನನ್ನ ಸೊಕ್ಕು. ಅದು ಬೇರೆ ಮಾತು.

ಸೋತ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. ರಿಯೊದಲ್ಲಿ 2016ರಲ್ಲಿ ಮೀರಾಬಾಯಿ ಚಾನು ಕ್ಲೀನ್ ಆ್ಯಂಡ್ ಜರ್ಕಿನ ಮೂರೂ ಪ್ರಯತ್ನ ಕಳೆದುಕೊಂಡಳು, ಟೋಟಲ್ ಇಲ್ಲದೆ ಮನೆಗೆ ಬಂದಳು. ಮರುವರ್ಷ ವಿಶ್ವ ಚಾಂಪಿಯನ್. ಟೋಕಿಯೊದಲ್ಲಿ 87 ಮತ್ತು 115, ಒಟ್ಟು 202 ಕೆ.ಜಿ., ಬೆಳ್ಳಿ. ನೀನಿರುವ ಕರಾವಳಿಯದೇ ಕತೆ ಬೇಕೇ? ಕುಂದಾಪುರದ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ. ಲಾರಿ ಚಾಲಕನ ಮಗ. ಕುಸ್ತಿಯ ಕನಸು ಕಂಡು, ಉಜಿರೆಯಲ್ಲಿ ಕಾಲೇಜು ಓದುವಾಗ ಬಾರ್ ಹಿಡಿದವನು. 2018ರಲ್ಲಿ ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಕೂಟದಲ್ಲಿ ಸ್ನ್ಯಾಚ್ 111. ಜರ್ಕಿನ ಮೊದಲ ಎರಡು ಪ್ರಯತ್ನ ಹೋದವು. ಮೂರನೆಯದು 138, ನಿಂತಿತು. 249 ಕೆ.ಜಿ., ಆ ಕೂಟದಲ್ಲಿ ದೇಶಕ್ಕೆ ಮೊದಲ ಪದಕ. ನಾಲ್ಕು ವರ್ಷ ಬಿಟ್ಟು ಬರ್ಮಿಂಗ್‌ಹ್ಯಾಮಿನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಎತ್ತಿ ಕಂಚು. ಇದನ್ನು ನಾನು ಟಿ.ವಿ.ಯಲ್ಲಿ ನೋಡುವಾಗ ನಿನ್ನ ದೊಡ್ಡವ್ವನ ಚಹಾದ ಕಪ್ಪು ನನ್ನ ಕೈಯಿಂದ ಬಿದ್ದು ಒಡೆಯಿತು. ಅವಳು ಇನ್ನೂ ಮರೆತಿಲ್ಲ.

ಹಾಗಂತ ಇವರನ್ನು ತೋರಿಸಿ ನಿನ್ನನ್ನು ಹುರಿದುಂಬಿಸುವ ಇರಾದೆ ನನಗಿಲ್ಲ. ನಿನ್ನ ಸ್ನ್ಯಾಚ್ 66, ಜರ್ಕ್ 84. 58 ಕೆ.ಜಿ. ವಿಭಾಗದಲ್ಲಿ ಇದು ಒಳ್ಳೆಯ ಹುಡುಗಿಯ ತೂಕ, ಇನ್ನೂ ಒಲಿಂಪಿಕ್ಸಿನ ತೂಕ ಅಲ್ಲ. ಕರ್ಣಂ ಮಲ್ಲೇಶ್ವರಿ 2000ದಲ್ಲಿ ಸಿಡ್ನಿಯಲ್ಲಿ 110 ಮತ್ತು 130 ಎತ್ತಿ ಕಂಚು ಗೆದ್ದಾಗ ಅವಳ ವಿಭಾಗ 69 ಕೆ.ಜಿ. ಮೂರು ವರ್ಷದಲ್ಲಿ ನೀನು ಎಲ್ಲಿ ಮುಟ್ಟುತ್ತೀ ಅನ್ನುವುದನ್ನು ನಿನ್ನ ಕೋಚ್ ನನಗಿಂತ ಚೆನ್ನಾಗಿ ಬಲ್ಲರು. ಧೈರ್ಯ ಮಾಡಿ ಅವರನ್ನೇ ಕೇಳು, ಮುಲಾಜಿಲ್ಲದೆ ಹೇಳಿ ಅನ್ನು.

ಈಗ ಕೆಲಸದ ಮಾತು. ದೇಹಕ್ಕೆ ಎರಡು ಪಾಸ್‌ಬುಕ್ ಇರುವುದಿಲ್ಲ, ಅವ್ವೀ. ಪರೀಕ್ಷೆಯ ಭಯ, ನಿದ್ದೆಗೇಡು, ಸ್ಕ್ವಾಟು ಎಲ್ಲ ಒಂದೇ ಖಾತೆಯಿಂದ ಹಣ ತೆಗೆಯುತ್ತವೆ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ 101 ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ಒಂದು ಋತು ಪೂರ್ತಿ ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಪರೀಕ್ಷೆಯ ವಾರಗಳಲ್ಲಿ ಗಾಯಗಳು ಹೆಚ್ಚು, ಸಾಧಾರಣ ವಾರಗಳಲ್ಲಿ ಕಡಿಮೆ. ಆಟದ ಅಂಗಳ ಅದೇ, ಹುಡುಗರೂ ಅವರೇ. ಬದಲಾದದ್ದು ತಲೆಯೊಳಗಿನ ಭಾರ. ನಿನ್ನ ಎಡ ಮಣಿಕಟ್ಟು ಉಳುಕಿದ್ದು ಯಾವ ವಾರ ಎಂದು ನಿನ್ನ ದಿನಚರಿಯಲ್ಲಿ ನೋಡಿಕೋ. ನನಗೆ ಅನುಮಾನ ಇದೆ.

ಇನ್ನೊಂದು ಕಡೆ, ಸಮಾಧಾನದ ಸಂಗತಿಯೂ ಇದೆ. ಬಲ ಕಟ್ಟುವುದಕ್ಕೆ ಬೇಕಾದಷ್ಟು ದುಡಿಮೆ, ಕಟ್ಟಿದ ಬಲ ಉಳಿಸಿಕೊಳ್ಳುವುದಕ್ಕೆ ಬೇಡ. ವಾರಕ್ಕೆ ಒಂದೆರಡು ದಿನ, ಒಂದು ತಾಸಿನೊಳಗೆ ಮುಗಿಸಿದರೂ ಕೆಲವು ವಾರ ಬಲ ಹಾಗೇ ನಿಲ್ಲುತ್ತದೆ. ಷರತ್ತು ಒಂದೇ: ಸೆಟ್ ಇಳಿಸು, ಭಾರ ಇಳಿಸಬೇಡ. ಎಂಟು ಸೆಟ್ ಮಾಡುವಲ್ಲಿ ಎರಡು ಮಾಡು, ಬಾರಿನ ಮೇಲಿನ ತೂಕ ಹಳೆಯದರ ಹತ್ತಿರವೇ ಇರಲಿ. ನಾವೆಲ್ಲ ಉಲ್ಟಾ ಮಾಡುತ್ತಿದ್ದೆವು. ಪರೀಕ್ಷೆ ಬಂತು ಅಂದರೆ ಹಗುರ ತೂಕ ಇಟ್ಟುಕೊಂಡು ದಿನಾ ಎರಡು ತಾಸು ಬೆವರು ಸುರಿಸುವುದು, ಬೆವರು ಬಂದರೆ ಮನಸ್ಸಿಗೆ ಸಮಾಧಾನ ಅಂತ. ಹೊತ್ತೂ ಹೋಯಿತು, ಬಲವೂ ಹೋಯಿತು.

ಅದೇ ನಿಯಮ ಪುಸ್ತಕಕ್ಕೂ. ಕೂಟಕ್ಕೆ ಮುಂಚಿನ ಆರು ವಾರ ದಿನಕ್ಕೆ ನಲವತ್ತು ನಿಮಿಷ ಸಾಕು, ಆದರೆ ಗಟ್ಟಿಯಾದದ್ದನ್ನೇ ಓದು. ಚೆಂದದ ಅಕ್ಷರದಲ್ಲಿ ನೋಟ್ಸ್ ನಕಲು ಮಾಡಿಕೊಂಡು ಕೂಡಬೇಡ, ಅದು ಹಗುರ ತೂಕದ ಬೆವರು. ಪುಸ್ತಕ ಮುಚ್ಚಿ, ನಿನ್ನೆಯ ಒಂದು ರಿಯಾಕ್ಷನ್ ಬರೆದು ನೋಡು. ತಪ್ಪಿದ್ದನ್ನು ಮೂರು ದಿನ ಬಿಟ್ಟು ಮತ್ತೆ ಬರೆ. ರೈಲಿನಲ್ಲಿ? ರೈಲಿನಲ್ಲಿ ಮಲಗು.

ಒಂದು ಮಾತ್ರ ಸಾಲ ತರಲಾಗದ್ದು: ಪ್ರಾಕ್ಟಿಕಲ್. ಥಿಯರಿ ಕ್ಲಾಸು ತಪ್ಪಿದರೆ ಗೆಳತಿಯ ನೋಟ್ಸ್ ಸಿಗುತ್ತದೆ. ತಪ್ಪಿದ ಟೈಟ್ರೇಶನ್ ಯಾರ ನೋಟ್ಸಿನಲ್ಲೂ ಸಿಗುವುದಿಲ್ಲ, ಬ್ಯುರೆಟ್ಟಿನ ತಿರುಗಣಿ ಬೆರಳಿಗೇ ಅಭ್ಯಾಸ ಆಗಬೇಕು. ನೀನು ಹೇಳಿದೆಯಲ್ಲ, ಭಾರದ ಪುಲ್ ಮಾಡಿದ ಮರುದಿನ ಕೈ ನಡುಗಿ ಒಂದು ಹನಿ ಹೆಚ್ಚು ಬಿತ್ತು, ದ್ರಾವಣ ಕಡುಗುಲಾಬಿ ಆಗಿಬಿಟ್ಟಿತು ಅಂತ. ನಗು ಬಂತು, ಆದರೆ ಇದು ನಿಜವಾದ ತೊಂದರೆ. ಲ್ಯಾಬ್ ಇರುವ ದಿನದ ಹಿಂದಿನ ಸಂಜೆ ಭಾರದ ಪುಲ್ ಇಡಬೇಡಿ ಅಂತ ಕೋಚಿಗೆ ಹೇಳು. ಹುಕ್ ಗ್ರಿಪ್ಪಿನಲ್ಲಿ ಹೆಬ್ಬೆರಳು ಜಜ್ಜಿ ಪೆನ್ನು ಹಿಡಿಯಲಾಗುವುದಿಲ್ಲ ಅನ್ನುವುದಕ್ಕೂ ಅದೇ ಉತ್ತರ. ಮೂರು ತಾಸಿನ ಪೇಪರಿನ ಹಿಂದಿನ ಎರಡು ದಿನ ಬೇಕಾದರೆ ಸ್ಕ್ವಾಟ್ ಮಾಡು, ಬಾರ್ ಎಳೆಯಬೇಡ. ಟೇಪ್ ಸುತ್ತುವಾಗ ಬೆರಳ ಗಂಟು ಮಡಚಿ ಸುತ್ತು, ನೇರ ಇಟ್ಟು ಸುತ್ತಿದರೆ ಮೊದಲ ಎಳೆತಕ್ಕೇ ಹರಿಯುತ್ತದೆ.

ಹಾಜರಿಯ ಸಂಗತಿಯಲ್ಲಿ ನಾನು ಮೇಜಿನ ಆಚೆ ಬದಿಗೂ ಕೂತವನು. ಒಬ್ಬ ಹುಡುಗ, ಓಟಗಾರ, ಎರಡು ವಾರ ಕಾಣೆಯಾಗಿ ಆಮೇಲೆ ಆನ್ ಡ್ಯೂಟಿ (ಓ.ಡಿ.) ಚೀಟಿ ಹಿಡಿದು ಬಂದ. ತಪ್ಪಿದ ಟೆಸ್ಟ್ ಮತ್ತೆ ಕೊಡಿ ಅಂದ. ನಾನು ಕೊಡಲಿಲ್ಲ. ನಾನೇ ಒಂದು ಕಾಲಕ್ಕೆ ಬಾರ್ ಎತ್ತಿದವನು, ನನಗಿಂತ ಚೆನ್ನಾಗಿ ಅವನ ಕಷ್ಟ ಬಲ್ಲವರು ಆ ಕಾಲೇಜಿನಲ್ಲಿ ಇರಲಿಲ್ಲ, ಆದರೂ ಕೊಡಲಿಲ್ಲ. ಅವನು ಮೊದಲೇ ಬಂದು ಹೇಳಲಿಲ್ಲವಲ್ಲ ಅನ್ನುವ ಸಿಟ್ಟು. ಈಗ ನೆನೆದರೆ ನಾಚಿಕೆಯಾಗುತ್ತದೆ. ಆದರೆ ಮೇಷ್ಟ್ರ ಮನಸ್ಸು ಹೇಗೆ ನಡೆಯುತ್ತದೆ ಅನ್ನುವುದು ನಿನಗೆ ತಿಳಿದಿರಲಿ ಅಂತ ಹೇಳಿದೆ. ಸೆಮಿಸ್ಟರಿನ ಮೊದಲ ವಾರದಲ್ಲೇ ಒಂದು ಹಾಳೆಯ ಮೇಲೆ ಕೂಟದ ದಿನಗಳು, ಪ್ರಯಾಣದ ದಿನಗಳು, ಶಿಬಿರದ ದಿನಗಳು ಬರೆದು, ಕೋಚ್ ಸಹಿ ಹಾಕಿಸಿ, ವಿಭಾಗದ ಮುಖ್ಯಸ್ಥರ ಕೈಗೆ ಕೊಡು. ತಾರೀಖು ಬದಲಾಗುತ್ತವೆ, ಆಗಲಿ. ಮೊದಲೇ ಬಂದವಳಿಗೆ ತೆರೆಯುವ ಬಾಗಿಲು ಚೀಟಿ ಹಿಡಿದು ಬಂದವಳಿಗೆ ತೆರೆಯುವುದಿಲ್ಲ. ಈ ಸಲದ ಘರ್ಷಣೆಗೆ ನಾಳೆಯೇ ಹೋಗಿ ಮಾತಾಡು. ಬಾಕಿ ಇರುವ ಪೇಪರನ್ನು ಆಯ್ಕೆ ಮುಗಿದ ಮೇಲಿನ ಕಾಲಕ್ಕೆ ಮುಖ್ಯ ಬೆಳೆ ಅಂತ ಬರೆದಿಟ್ಟುಕೋ. ಈಗ ಮುಟ್ಟಬೇಡ.

ಊಟ. ಮೆಸ್ಸಿನ ಸಾರನ್ನು ಬೈಯುವುದರಲ್ಲಿ ಅರ್ಥವಿಲ್ಲ, ಎಲ್ಲ ಕಾಲದಲ್ಲೂ ಅದು ಹಾಗೇ ಇತ್ತು. ನಿನ್ನ ತೂಕಕ್ಕೆ ದಿನಕ್ಕೆ ನೂರು ಗ್ರಾಂ ಆಸುಪಾಸು ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ನೂರು ಗ್ರಾಂ ಶೇಂಗಾದಲ್ಲಿ ಇಪ್ಪತ್ತೈದು. ಮೊಟ್ಟೆ, ಹಾಲು, ಮೊಸರು, ಮೊಳಕೆ ಹೆಸರು, ಶೇಂಗಾ ಸೇರಿಸಿ ನೀನೇ ಲೆಕ್ಕ ಹಾಕು, ಗಣಿತದವನ ಮನೆಯ ಮಗಳು. ಎರಡು ಕೆ.ಜಿ. ಇಳಿಸಿ ಕೆಳಗಿನ ವಿಭಾಗಕ್ಕೆ ಹೋಗುವ ಆಸೆ ಬೇಡ, ಅದರಲ್ಲೂ ಪರೀಕ್ಷೆಯ ತಿಂಗಳಲ್ಲಿ. ನಿಮ್ಮ ತೂಕ ನೋಡುವುದು ಸ್ಪರ್ಧೆಗೆ ಎರಡು ತಾಸು ಮೊದಲು. ಒಣಗಿಸಿದ ದೇಹ ಎರಡು ತಾಸಿನಲ್ಲಿ ಪೂರ್ತಿ ತುಂಬುವುದಿಲ್ಲ. ಪ್ಯಾರಿಸ್ಸಿನಲ್ಲಿ ಕುಸ್ತಿಯ ವಿನೇಶ್ ಫೋಗಟ್ ನೂರು ಗ್ರಾಂ ಹೆಚ್ಚಾದದ್ದಕ್ಕೆ ಫೈನಲ್ ಕಳೆದುಕೊಂಡಾಗ ದೇಶವೆಲ್ಲ ಅತ್ತಿತು. ನಾನು ಅತ್ತದ್ದು ಅವಳು ರಾತ್ರಿಯಿಡೀ ತೂಕ ಇಳಿಸಲು ಒದ್ದಾಡಿದ್ದನ್ನು ಓದಿ.

ಇಲ್ಲಿ ನಿನ್ನ ದೊಡ್ಡವ್ವ ಪೆನ್ನು ಕಸಿದುಕೊಂಡಿದ್ದಾಳೆ: "ಅವ್ವೀ, ಎರಡು ತಿಂಗಳಿಂದ ಮುಟ್ಟು ಬಂದಿಲ್ಲ ಅಂತ ನಿಮ್ಮವ್ವ ಹೇಳಿದ್ಲು. ಇಂವಗ ಇದೆಲ್ಲ ಬರಿಯಾಕ ನಾಚ್ಗಿ. ಇದು ದಣಿವು ಅಂತ ಬಿಡಬ್ಯಾಡ. ದುಡಿಯೂದು ಹೆಚ್ಚಾಗಿ ತಿನ್ನೂದು ಕಡಿಮಿ ಆದ್ರ ಹಿಂಗಾಗ್ತದ, ಮುಂದ ಎಲುಬು ಜಳ್ಳಾಗ್ತಾವ. ಈ ವಾರನ ಡಾಕ್ಟರಮ್ಮನ ಕಡೆ ಹೋಗು. ಹೋಗಿ ಬಂದು ನನಗ ಫೋನ್ ಮಾಡು, ಇಂವಗಲ್ಲ."

ಅವಳು ಹೇಳಿದ್ದು ಸರಿ. ಪೆನ್ನು ವಾಪಸ್ ಬಂತು.

ಪುಡಿಯ ಮಾತು. ಸೀನಿಯರ್ ಒಬ್ಬಳು ಲೇಬಲ್ ಇಲ್ಲದ ಡಬ್ಬಿಯಿಂದ ಪುಡಿ ಕೊಟ್ಟಳು, ತಗೊಳ್ಳಲೇನು ಎಂದು ನೀನು ಕೇಳಿದ್ದೆ. ಇಲ್ಲ. ಉದ್ದೀಪನ ಮದ್ದು ಪತ್ತೆಮಾಡುವ ನಾಡಾದವರು ವಿಶ್ವವಿದ್ಯಾಲಯ ಮಟ್ಟದ ಕೂಟಗಳಿಗೂ ಬರುತ್ತಾರೆ, 2022ರಿಂದ ಇದಕ್ಕೆ ಸಂಸತ್ತಿನ ಕಾಯ್ದೆಯೇ ಇದೆ. ನಿನ್ನ ಮೂತ್ರದಲ್ಲಿ ಸಿಕ್ಕದ್ದಕ್ಕೆ ನೀನೇ ಹೊಣೆ. ಗೊತ್ತಿರಲಿಲ್ಲ, ಗೆಳತಿ ಕೊಟ್ಟಳು ಅನ್ನುವುದರಿಂದ ಹೊಣೆ ಕಳೆಯುವುದಿಲ್ಲ. ನಿಷೇಧ ನಾಲ್ಕು ವರ್ಷದವರೆಗೂ ಹೋಗಬಹುದು, ಅಂದರೆ ನಿನ್ನ ಮೂರು ವರ್ಷದ ಡಿಗ್ರಿಗಿಂತ ಉದ್ದ. ನೆಗಡಿಯ ಗುಳಿಗೆಯನ್ನೂ ಡಾಕ್ಟರಿಗೆ "ನಾನು ಸ್ಪರ್ಧೆಗೆ ಹೋಗುವವಳು" ಎಂದು ಹೇಳಿಯೇ ಬರೆಸಿಕೊ. ನಮ್ಮ ಈ ಆಟದ ಮುಖಕ್ಕೆ ಮಸಿ ಹತ್ತಿದ್ದು ಹೆಚ್ಚಾಗಿ ಇಂಥ ಡಬ್ಬಿಗಳಿಂದಲೇ.

ಕೊನೆಗೆ ನಿಮ್ಮಪ್ಪನ ಪ್ರಶ್ನೆ. ಆಟ ಹೊಟ್ಟೆ ತುಂಬಿಸುತ್ತದೆಯೇ? ಕೆಲವರಿಗೆ ತುಂಬಿಸಿದೆ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಕೋಟಾ ಇದೆ, ಗುರುರಾಜ ವಾಯುಪಡೆಗೆ ಸೇರಿದ. ಆದರೆ ಆ ಬಾಗಿಲು ಕಿರಿದು, ಮುಂದೆ ನಿಂತವರು ಬಹಳ. ಡಿಗ್ರಿ ಇದ್ದರೆ ಕಷ್ಟಕಾಲಕ್ಕೆ ಆಗುತ್ತದೆ ಅಂತ ಎಲ್ಲರೂ ನಿನಗೆ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ರಸಾಯನಶಾಸ್ತ್ರವನ್ನು ಯಾರಾದರೂ ಕೊಡೆಯ ಹಾಗೆ ಮೂಲೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ನೀನು ಆರನೆಯ ಇಯತ್ತೆಯಲ್ಲಿದ್ದಾಗ ಅರಿಸಿನ ಹತ್ತಿದ ನನ್ನ ಧೋತರಕ್ಕೆ ಸಾಬೂನು ಹಚ್ಚಿ, ಅದು ಕೆಂಪಾದದ್ದನ್ನು ಕಂಡು ಊರೆಲ್ಲ ಓಡಾಡಿದೆ. ಧೋತರ ಹಾಳಾಯಿತು. ಅದೇ ಬೇಸಿಗೆ ಹನುಮಪ್ಪನ ಗುಡಿಯ ಮುಂದಿನ ಸಂಗ್ರಾಣಿ ಕಲ್ಲನ್ನು ನೆಲದಿಂದ ಒಂದು ಗೇಣು ಏಳಿಸಿದವಳೂ ನೀನೇ, ಹುಡುಗರೆಲ್ಲ ನೋಡುತ್ತಾ ನಿಂತಾಗ. ಎರಡೂ ಒಂದೇ ಹುಡುಗಿಯ ಕೆಲಸ. ನನ್ನ ಮಟ್ಟಿಗೆ ವಾದ ಅಲ್ಲಿಗೇ ಮುಗಿದಿತ್ತು.

ಬೆಂಗಳೂರಿನ ಕೆ.ವಿ. ಅಯ್ಯರ್ ಹೆಸರು ನಿನ್ನ ಜಿಮ್ಮಿನಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ವ್ಯಾಯಾಮಶಾಲೆ ನಡೆಸಿದವರು, ಅವರ ಮೈಕಟ್ಟಿನ ಚಿತ್ರಗಳು ವಿದೇಶದವರೆಗೆ ಹೋಗಿದ್ದವು. ಅದೇ ಮನುಷ್ಯ ಕೂತು ಹೊಯ್ಸಳರ ರಾಣಿಯ ಮೇಲೆ 'ಶಾಂತಲಾ' ಬರೆದರು, 'ರೂಪದರ್ಶಿ' ಬರೆದರು. 'ರೂಪದರ್ಶಿ'ಯನ್ನು ನಾನು ಆ ಅಕ್ಟೋಬರದ ಪರೀಕ್ಷೆ ಮುಗಿದ ರಾತ್ರಿ ಒಂದೇ ಪಟ್ಟಿಗೆ ಕೂತು ಓದಿದೆ. ಬಲಿತ ತೋಳಿಗೂ ಪುಸ್ತಕಕ್ಕೂ ಹಗೆ ಅಂತ ನಮ್ಮಲ್ಲಿ ಯಾರು ಹಬ್ಬಿಸಿದರೋ.

ಒಂದು ವೇಳೆ ಹೀಗೆ ಸರದಿಯ ಮೇಲೆ ಮಾಡಿಯೂ ಆಗಲಿಲ್ಲ ಅನ್ನು. ಒಂದು ಪೂರ್ತಿ ವರ್ಷ ನೋಡಿ, ಆಮೇಲೆ ಬಿಡುವ ಮಾತು ತೆಗೆ, ನಾನು ನಿನ್ನ ಪರ ನಿಮ್ಮಪ್ಪನ ಹತ್ತಿರವೂ ಕೋಚಿನ ಹತ್ತಿರವೂ ಬರುತ್ತೇನೆ. ನಾಲ್ಕು ತಾಸು ನಿದ್ದೆಯ ಮೇಲೆ ತೆಗೆದುಕೊಂಡ ಯಾವ ತೀರ್ಮಾನವನ್ನೂ ನಾನು ಒಪ್ಪುವುದಿಲ್ಲ. ಹೋಗಿ ಮಲಗು.

ಈ ಕಾಗದದ ಹಿಂದೆಯೇ ಪಾರ್ಸಲ್ ಬರುತ್ತದೆ. ಶೇಂಗಾ ಹಿಂಡಿ ಎರಡು ಡಬ್ಬಿ, ಕಟಕ ರೊಟ್ಟಿ ನಲವತ್ತು, ಅಂಟಿನ ಉಂಡಿ. ಉಂಡಿ ನಿನಗೆ, ಗೆಳತಿಯರಿಗೆ ಹಂಚುವುದಾದರೆ ರೊಟ್ಟಿ ಹಂಚು ಅಂತ ದೊಡ್ಡವ್ವನ ಅಪ್ಪಣೆ. ತಳದಲ್ಲಿ ನನ್ನ 1979ರ ನೋಟ್‌ಬುಕ್ ಇಟ್ಟಿದ್ದೇನೆ. ದಿನಾ ಎತ್ತಿದ ತೂಕ ಒಂದು ಪುಟದಲ್ಲಿ, ಬಿಡಿಸಿದ ಲೆಕ್ಕ ಎದುರು ಪುಟದಲ್ಲಿ. ಫೆಬ್ರವರಿ ತಿಂಗಳಲ್ಲಿ ಎರಡೂ ಪುಟದ ಅಕ್ಷರ ಹೇಗೆ ಕೆಟ್ಟಿವೆ ನೋಡು. ಹಿಂದಿನ ಅರ್ಧ ಖಾಲಿ ಇದೆ, ನೀನು ಬರೆದುಕೊಳ್ಳಬಹುದು. ಮಂಗಳವಾರ ರಾತ್ರಿ ಹುಬ್ಬಳ್ಳಿಯಿಂದ ಮಂಗಳೂರಿಗೆ ಬಿಡುವ ಬಸ್ಸಿನಲ್ಲಿ ಕಳಿಸುತ್ತೇನೆ, ಡ್ರೈವರನ ನಂಬರ್ ಅಂದು ಸಂಜೆ ಹೇಳುತ್ತೇನೆ. ಬುಧವಾರ ನಸುಕಿಗೆ ನಿನಗೆ ಬಾರ್ ಇದ್ದರೆ ಸ್ಟ್ಯಾಂಡಿಗೆ ಗೆಳತಿಯನ್ನು ಕಳಿಸು, ನೀನು ನಿದ್ದೆಗೆಟ್ಟು ಓಡಬೇಡ.

ನಿನ್ನ
ದೊಡ್ಡಪ್ಪ